ಹಾರ್ಡ್‌ಡಿಸ್ಕಿನ ಹೊಲ, ಬದು ಮತ್ತು ಉತಾರ

ಧಾರವಾಡಕ್ಕೆ ಹತ್ತಿರದ ಹೆಬ್ಬಳ್ಳಿಯಲ್ಲಿರುವ ಶಿಕ್ಷಕ ಮಿತ್ರರೊಬ್ಬರು ಒಂದು ರವಿವಾರ ಬೆಳಿಗ್ಗೆ ಫೋನು ಮಾಡಿದರು.

"ಸರ, ಹಾರ್ಡ್‌ಡಿಸ್ಕ್ ಟೀವಿಗೆ ಹಚ್ಚೇನ್ರಿ. ಓದಾಕ ಬರವಲ್ದು, ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳಾಕತ್ತೈತಿ. ಹೌದು ಅಂತ ಒತ್ತಲೇನ್ರಿ?"

"ಒತ್ತಬ್ಯಾಡ್ರಿ! ವಾಯರ್ ಬಿಚ್ಚಿ ಹಂಗ ಇಡ್ರಿ, ನಾ ಬರತೇನಿ" ಎಂದೆ.

ಆ ಡಿಸ್ಕಿನಲ್ಲಿ ಏನಿತ್ತೆಂಬುದು ನನಗೆ ಗೊತ್ತಿತ್ತು. ಸುತ್ತಲಿನ ಊರುಗಳ ಹಿರಿಯರು ಹಾಡಿದ ಹಂತಿಪದಗಳನ್ನು ಅವರು ಹಿಂದೆ ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟಿದ್ದರು. ಅನಂತರ ಅವನ್ನೆಲ್ಲ ಗಣಕಯಂತ್ರಕ್ಕೆ ಇಳಿಸಿ ಈ ಡಿಸ್ಕಿಗೆ ತುಂಬಿದ್ದರು. ಜೊತೆಗೆ ರಾತ್ರಿಯಿಡೀ ನಡೆದ ದೊಡ್ಡಾಟದ ವಿಡಿಯೊ, ಮನೆಯ ಮದುವೆ-ಮುಂಜಿವೆಗಳ ಸಾವಿರಾರು ಫೋಟೋಗಳು. ಹಾಡಿದವರಲ್ಲಿ ಹಲವರು ಈಗಿಲ್ಲ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿದೆ. ಬೇರೊಂದು ಪ್ರತಿ ಇರಲಿಲ್ಲ. 'ಹೌದು' ಎಂಬ ಒಂದೇ ಗುಂಡಿಯ ಮೇಲೆ ಇಷ್ಟೆಲ್ಲ ನಿಂತಿತ್ತು.

ಫಾರ್ಮ್ಯಾಟ್ ಎಂದರೇನು? ನಮ್ಮ ವಿದ್ಯಾರ್ಥಿಗಳನ್ನು ಕೇಳಿದರೆ 'ಎಲ್ಲವನ್ನೂ ಅಳಿಸುವುದು' ಎನ್ನುತ್ತಾರೆ. ಇದು ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ಈ ಒಂದು ಹೆಸರಿನ ಹಿಂದೆ ಮೂರು ಬೇರೆ ಬೇರೆ ಕೆಲಸಗಳು ಅಡಗಿವೆ. ಹೊಲದ ಹೋಲಿಕೆಯಿಂದ ನೋಡೋಣ. ಬಯಲು ಭೂಮಿಯಲ್ಲಿ ಬದು ಹಾಕಿ ಮಡಿಗಳನ್ನು ಮಾಡುವುದು ಮೊದಲ ಕೆಲಸ. ಇದು ಕಾರ್ಖಾನೆಯಲ್ಲಿಯೇ ಆಗುತ್ತದೆ. ನೀವಾಗಲಿ ನಾನಾಗಲಿ ಅದನ್ನು ಬದಲಿಸಲಾರೆವು. ಇಂಥಲ್ಲಿಂದ ಇಂಥಲ್ಲಿಯವರೆಗೆ ಒಂದು ಹೊಲ ಎಂದು ಗಡಿ ಗುರುತಿಸುವುದು ಎರಡನೆಯದು. ಇದಕ್ಕೆ ಪಾರ್ಟಿಷನ್ ಎನ್ನುತ್ತಾರೆ. ಯಾವ ಮಡಿಯಲ್ಲಿ ಯಾರ ಬೆಳೆ ಇದೆಯೆಂದು ಬರೆದಿಡುವ ಉತಾರ ತಯಾರಿಸುವುದು ಮೂರನೆಯದು. ಇದೇ ಕಡತ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್. ನಾವು ದಿನಬಳಕೆಯಲ್ಲಿ ಫಾರ್ಮ್ಯಾಟ್ ಎನ್ನುವುದು ಹೆಚ್ಚಾಗಿ ಈ ಮೂರನೆಯದನ್ನು. 'ಕ್ವಿಕ್ ಫಾರ್ಮ್ಯಾಟ್' ಹಳೆಯ ಉತಾರದ ಜಾಗದಲ್ಲಿ ಖಾಲಿ ಉತಾರ ಇಡುತ್ತದೆ, ಬೆಳೆಯನ್ನು ಕೀಳುವುದಿಲ್ಲ. ಆದ್ದರಿಂದಲೇ ತಪ್ಪಿ ಫಾರ್ಮ್ಯಾಟ್ ಆದ ಡಿಸ್ಕಿನಿಂದ, ಅದರ ಮೇಲೆ ಹೊಸದೇನನ್ನೂ ಬರೆಯದಿದ್ದರೆ, ಕಡತಗಳನ್ನು ಮರಳಿ ಪಡೆಯುವ ಸಾಧ್ಯತೆ ಇರುತ್ತದೆ. ಆದರೆ ವಿಂಡೋಸ್ ವಿಸ್ತಾದಿಂದ ಈಚೆಗೆ ಪೂರ್ಣ ಫಾರ್ಮ್ಯಾಟ್ ಆಯ್ದುಕೊಂಡರೆ ಎಲ್ಲ ಕಡೆಗೂ ಸೊನ್ನೆ ಬರೆಯಲ್ಪಡುತ್ತದೆ. ಆಮೇಲೆ ಏನೂ ಸಿಗದು.

ಈಗ ಬದುಗಳ ಮಾತಿಗೆ ಬರೋಣ. ಭೌತಶಾಸ್ತ್ರದ ಶಿಕ್ಷಕರಿಗೆ ಇಲ್ಲಿ ಸಾಕಷ್ಟು ಮೇವಿದೆ.

ಹಾರ್ಡ್‌ಡಿಸ್ಕಿನೊಳಗೆ ನುಣುಪಾದ ಬಿಲ್ಲೆಗಳು ತಿರುಗುತ್ತಿರುತ್ತವೆ. ಅವುಗಳ ಮೇಲೆ ಕಾಂತೀಯ ವಸ್ತುವಿನ ತೆಳುವಾದ ಲೇಪ. ಓದುವ-ಬರೆಯುವ ಹೆಡ್ ಬಿಲ್ಲೆಯನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಗಾಳಿಯ ಪದರದ ಮೇಲೆ ತೇಲುತ್ತದೆ. ತಲೆಗೂದಲಿನ ದಪ್ಪವೇ 50ರಿಂದ 100 ಮೈಕ್ರೊಮೀಟರ್ ಎಂಬುದನ್ನು ನೆನೆದರೆ ಈ ಅಂತರದ ಕಲ್ಪನೆ ಬಂದೀತು. 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್‌ಡಿಸ್ಕ್‌ನಲ್ಲಿ 24 ಇಂಚು ವ್ಯಾಸದ 50 ಬಿಲ್ಲೆಗಳಿದ್ದವು. ಅಷ್ಟರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳು ಮಾತ್ರ. ಇಂದಿನ ಒಂದು ಫೋಟೋಗೆ ಅದು ಸಾಕಾದರೆ ಹೆಚ್ಚು. ಅಲ್ಲಿಂದ ಇಲ್ಲಿಗೆ ಬರಲು ನೆರವಾದದ್ದರಲ್ಲಿ 1988ರಲ್ಲಿ ಆಲ್ಬರ್ಟ್ ಫೆರ್ ಮತ್ತು ಪೀಟರ್ ಗ್ರುನ್‌ಬರ್ಗ್ ಬೇರೆಬೇರೆಯಾಗಿ ಕಂಡುಕೊಂಡ ದೈತ್ಯ ಕಾಂತರೋಧ ಪರಿಣಾಮವೂ ಒಂದು. 2007ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಬ್ಬರಿಗೆ ಬಂದದ್ದು ಇದಕ್ಕಾಗಿಯೇ.

ಬಿಲ್ಲೆಯ ಮೇಲೆ ವರ್ತುಲಾಕಾರದ ಪಥಗಳಿವೆ. ಪ್ರತಿ ಪಥವನ್ನು ಸೆಕ್ಟರ್ ಎಂಬ ಚಿಕ್ಕ ತುಂಡುಗಳಾಗಿ ಹಂಚಲಾಗಿದೆ. ಹಾರ್ಡ್‌ಡಿಸ್ಕ್ ಒಮ್ಮೆಗೆ ಓದುವ ಅಥವಾ ಬರೆಯುವ ಅತಿ ಚಿಕ್ಕ ಘಟಕವಿದು. ಒಂದೇ ಅಕ್ಷರ ತಿದ್ದಬೇಕಿದ್ದರೂ ಇಡೀ ಸೆಕ್ಟರನ್ನೇ ಮತ್ತೆ ಬರೆಯಬೇಕು. 1981ರ ಐಬಿಎಂ ಪಿಸಿಯ ಕಾಲದಿಂದ ಒಂದು ಸೆಕ್ಟರಿಗೆ 512 ಬೈಟ್ ಎಂಬುದು ರೂಢಿಯಾಗಿತ್ತು. ಆದರೆ ಪ್ರತಿ ಸೆಕ್ಟರಿಗೂ ಬದು ಬೇಕಲ್ಲ! ನಡುವೆ ಖಾಲಿ ಜಾಗ, ಸೆಕ್ಟರ್ ಆರಂಭದ ಗುರುತು, ಕೊನೆಗೆ ದೋಷ ತಿದ್ದುವ ಸಂಕೇತ. ಇವೆಲ್ಲ ಸೇರಿ 512 ಬೈಟಿನ ಮಾಹಿತಿಗೆ ಸುಮಾರು 577 ಬೈಟಿನಷ್ಟು ಜಾಗ ಹೋಗುತ್ತಿತ್ತು. ಅಂದರೆ ನೂರಕ್ಕೆ 88.7ರಷ್ಟು ಮಾತ್ರ ಬೆಳೆ, ಉಳಿದದ್ದು ಬದು. ಎಂಟು ಚಿಕ್ಕ ಮಡಿಗಳನ್ನು ಕೂಡಿಸಿ 4096 ಬೈಟಿನ ಒಂದು ದೊಡ್ಡ ಮಡಿ ಮಾಡಿದರೆ ಸುಮಾರು 4211 ಬೈಟಿನ ಜಾಗ ಸಾಕು. ಬೆಳೆಯ ಪಾಲು ನೂರಕ್ಕೆ 97.3ಕ್ಕೆ ಏರುತ್ತದೆ. ಮೇಲಾಗಿ ದೊಡ್ಡ ತುಂಡಿನಲ್ಲಿ ದೋಷ ತಿದ್ದುವುದು ಹೆಚ್ಚು ಸಮರ್ಥವಾಗಿ ನಡೆಯುತ್ತದೆ. ಆದ್ದರಿಂದ ತಯಾರಕರು 2011ರ ಆರಂಭದ ಹೊತ್ತಿಗೆ ಮನೆಬಳಕೆಯ ಹೊಸ ಡಿಸ್ಕುಗಳಲ್ಲಿ 4096 ಬೈಟಿನ ಸೆಕ್ಟರಿಗೆ ಬರಲು ಒಪ್ಪಿದರು.

ತೊಡಕು ಇಲ್ಲಿಯೇ ಹುಟ್ಟಿತು. ಹಳೆಯ ತಂತ್ರಾಂಶಗಳಿಗೆ 512 ಬೈಟಿನ ಲೆಕ್ಕ ಬಿಟ್ಟು ಬೇರೆ ತಿಳಿಯದು. ಅವು ಕೈಕೊಡದಿರಲೆಂದು ಹೊಸ ಡಿಸ್ಕುಗಳು ಹೊರಗಿನವರ ಮುಂದೆ '512 ಬೈಟಿನ ಸೆಕ್ಟರುಗಳೇ ಇವೆ' ಎಂದು ನಟಿಸತೊಡಗಿದವು. ನಟನೆ ಕೆಟ್ಟದ್ದೇನಲ್ಲ. ಆದರೆ ಕಾಗದದ ಮೇಲಿನ ಗಡಿಯೂ ನೆಲದ ಮೇಲಿನ ಬದುವೂ ಒಂದಕ್ಕೊಂದು ಕೂಡಿಬರಬೇಕು.

ವಿಂಡೋಸ್ ಎಕ್ಸ್‌ಪಿಯಲ್ಲಿ ಅವು ಕೂಡಿಬರುತ್ತಿರಲಿಲ್ಲ. ಅದು ಮೊದಲ ಪಾರ್ಟಿಷನ್ ಅನ್ನು 63ನೆಯ ಸೆಕ್ಟರಿನಿಂದ ಆರಂಭಿಸುತ್ತಿತ್ತು. 63 ಏಕೆ? ಹಿಂದೆ ಪಥದೊಳಗಿನ ಸೆಕ್ಟರಿನ ಸಂಖ್ಯೆಗೆಂದು ವಿಳಾಸದಲ್ಲಿ 6 ಬಿಟ್ ಮೀಸಲಿತ್ತು. ಎಣಿಕೆ 1ರಿಂದ ಆರಂಭವಾಗುವುದರಿಂದ ಪಥವೊಂದಕ್ಕೆ ಗರಿಷ್ಠ 63 ಸೆಕ್ಟರುಗಳು. ಮೊದಲ ಪಥವನ್ನು ಪಾರ್ಟಿಷನ್ ಪಟ್ಟಿಗೆಂದು ಬಿಟ್ಟು ಎರಡನೆಯ ಪಥದಿಂದ ಹೊಲ ಆರಂಭಿಸುವುದು ವಾಡಿಕೆ. ಪಥಗಳ ಆ ಲೆಕ್ಕ ಎಂದೋ ಸತ್ತುಹೋಗಿತ್ತು, ವಾಡಿಕೆ ಮಾತ್ರ ಉಳಿದಿತ್ತು. ಈಗ ಲೆಕ್ಕ ಮಾಡಿ: 63ನ್ನು 512ರಿಂದ ಗುಣಿಸಿದರೆ 32,256 ಬೈಟ್. ಇದನ್ನು 4096ರಿಂದ ಭಾಗಿಸಿದರೆ 7.875. ಪೂರ್ಣಾಂಕ ಬರಲಿಲ್ಲ. ಅಂದರೆ ಹೊಲದ ಗಡಿ ಎಂಟನೆಯ ದೊಡ್ಡ ಮಡಿಯ ಕೊನೆಯ ಚೂರಿನಿಂದ ಆರಂಭವಾಗುತ್ತದೆ. ಆಮೇಲಿನ ಪ್ರತಿಯೊಂದು 4096 ಬೈಟಿನ ತುಂಡೂ ಒಂದು ಚೂರು ಈ ಮಡಿಯಲ್ಲಿ, ಏಳು ಚೂರು ಪಕ್ಕದ ಮಡಿಯಲ್ಲಿ ಎಂದು ಬದುವಿನ ಮೇಲೆ ಕಾಲು ಚಾಚಿ ಕೂರುತ್ತದೆ.

ಹಾಗೆ ಕೂತರೆ ನಷ್ಟವೇನು? ಒಂದು ಚೂರು ಬರೆಯಲು ಡಿಸ್ಕು ಮೊದಲು ಇಡೀ ಮಡಿಯನ್ನು ಓದಿ, ತನ್ನ ನೆನಪಿನಲ್ಲಿ ತಿದ್ದಿ, ಮತ್ತೆ ಇಡೀ ಮಡಿಯನ್ನು ಬರೆಯಬೇಕು. ಓದಿ ಮುಗಿಯುವಷ್ಟರಲ್ಲಿ ಆ ಜಾಗ ಹೆಡ್‌ನ ಕೆಳಗಿಂದ ದಾಟಿಹೋಗಿರುತ್ತದೆ. ಮತ್ತೆ ಬರಲು ಒಂದು ಸುತ್ತು ಕಾಯಬೇಕು. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕು ಸೆಕೆಂಡಿಗೆ 90 ಸುತ್ತು ಹಾಕುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಇದು ಅಲ್ಪವೆಂದು ಕಾಣಬಹುದು. ಆದರೆ 20,000 ಫೋಟೋಗಳಿವೆ, ಪ್ರತಿಯೊಂದನ್ನು ಬರೆಯುವಾಗ ಇಂಥ ಕಾಯುವಿಕೆ ನಾಲ್ಕು ಸಲ ಬರುತ್ತದೆ ಎಂದಿಟ್ಟುಕೊಳ್ಳಿ. ಕಾಯುವುದಕ್ಕೇ 880 ಸೆಕೆಂಡ್, ಅಂದರೆ ಹತ್ತಿರಹತ್ತಿರ ಕಾಲು ಗಂಟೆ ವ್ಯರ್ಥ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಗಡಿ ಹೊಂದಿಸದಿದ್ದರೆ ಸಿನಿಮಾ ತಡೆತಡೆದು ಓಡುತ್ತದೆ ಎಂದು ಅಂಗಡಿಯವರು ಹೇಳುವುದುಂಟು. ನಾನಿದನ್ನು ಒಪ್ಪುವುದಿಲ್ಲ. ಎರಡು ಗಂಟೆಯ, 4 ಗಿಗಾಬೈಟಿನ ಚಲನಚಿತ್ರಕ್ಕೆ ಸೆಕೆಂಡಿಗೆ ಬೇಕಾದದ್ದು 5.6 ಲಕ್ಷ ಬೈಟ್ ಮಾತ್ರ. ಸಾಧಾರಣ ಡಿಸ್ಕು ಇದರ ನೂರು ಪಟ್ಟಿನಷ್ಟು ಕೊಡಬಲ್ಲದು. ಓದುವಾಗ ಪಕ್ಕದ ಮಡಿಯನ್ನೂ ಓದಬೇಕಾದರೆ ಅದು ಅದೇ ಪಥದಲ್ಲಿ ಮುಂದೆಯೇ ಇದೆ, ಸುತ್ತು ಕಾಯುವ ಪ್ರಶ್ನೆಯಿಲ್ಲ. ದೊಡ್ಡ ಕಡತವನ್ನು ಸಲೀಸಾಗಿ ಬರೆಯುವಾಗಲೂ ಎರಡು ತುದಿಗಳಲ್ಲಷ್ಟೇ ತೊಂದರೆ. ಏಟು ಬೀಳುವುದು ಚಿಕ್ಕ ಚಿಕ್ಕ ಕಡತಗಳನ್ನು ಬರೆಯುವಾಗ. ಚಿತ್ರ ತಡೆದರೆ ಕೇಬಲ್ಲನ್ನೋ ಟೀವಿಯ ಯುಎಸ್‌ಬಿ ಕಿಂಡಿಯ ವಿದ್ಯುತ್ತನ್ನೋ ಮೊದಲು ಅನುಮಾನಿಸಿ.

ನಿಮ್ಮ ಡಿಸ್ಕಿನ ಗಡಿ ಸರಿಯಿದೆಯೇ ಎಂದು ನೋಡುವುದು ಸುಲಭ. ವಿಂಡೋಸ್‌ನಲ್ಲಿ 'ಎಂಎಸ್‌ಇನ್‌ಫೋ32' ಎಂಬ ತಂತ್ರಾಂಶ ತೆರೆದು, ಅದರಲ್ಲಿ ಡಿಸ್ಕುಗಳ ವಿವರದಲ್ಲಿ 'ಪಾರ್ಟಿಷನ್ ಸ್ಟಾರ್ಟಿಂಗ್ ಆಫ್‌ಸೆಟ್' ಎಂಬ ಸಾಲನ್ನು ಹುಡುಕಿ. ಅಲ್ಲಿರುವ ಸಂಖ್ಯೆಯನ್ನು 4096ರಿಂದ ಭಾಗಿಸಿ. ಶೇಷ ಸೊನ್ನೆಯಾದರೆ ಸರಿ. ವಿಸ್ತಾದಿಂದ ಈಚಿನ ವಿಂಡೋಸ್ 2048ನೆಯ ಸೆಕ್ಟರಿನಿಂದ, ಅಂದರೆ 10,48,576 ಬೈಟಿನಿಂದ, ಪಾರ್ಟಿಷನ್ ಆರಂಭಿಸುತ್ತದೆ. ಇದು 4096ರ ಸರಿಯಾಗಿ 256 ಪಟ್ಟು. ಬಿಲ್ಲೆಗಳಿಲ್ಲದ ಎಸ್‌ಎಸ್‌ಡಿಗೂ ಈ ಗಡಿ ಒಳ್ಳೆಯದು. ತರಗತಿಯಲ್ಲಿ ಹತ್ತು ನಿಮಿಷದಲ್ಲಿ ಮಾಡಿಸಬಹುದಾದ ಲೆಕ್ಕವಿದು.

ಇನ್ನು ಉತಾರದ ವಿಷಯ. ಟೀವಿ 'ಓದಲಾರೆ' ಎಂದದ್ದು ಮಡಿಗಳ ದೋಷದಿಂದಲ್ಲ, ಉತಾರದ ಭಾಷೆ ತಿಳಿಯದೆ. ಮಿತ್ರರ ಡಿಸ್ಕಿನಲ್ಲಿದ್ದದ್ದು ಎನ್‌ಟಿಎಫ್‌ಎಸ್. 1993ರಲ್ಲಿ ವಿಂಡೋಸ್ ಎನ್‌ಟಿಯ ಜೊತೆ ಬಂದ ಈ ವ್ಯವಸ್ಥೆ ತಾನು ಮಾಡುವ ಬದಲಾವಣೆಗಳಿಗೆ ದಿನಚರಿ ಬರೆದಿಡುತ್ತದೆ. ನಡುವೆ ವಿದ್ಯುತ್ ಹೋದರೂ ಉತಾರ ಹಾಳಾಗುವ ಸಂಭವ ಕಡಿಮೆ. ಎಲ್ಲ ಟೀವಿ, ಪ್ಲೇಯರುಗಳು ಇದನ್ನು ಓದಲಾರವು. ಎಲ್ಲಕ್ಕೂ ತಿಳಿಯುವುದು ಹಳೆಯ ಫ್ಯಾಟ್32. ಅದರಲ್ಲಿ ಕಡತದ ಗಾತ್ರ ಬರೆಯಲು 32 ಬಿಟ್ ಮಾತ್ರ. ಆದ್ದರಿಂದ 429,49,67,295 ಬೈಟಿಗಿಂತ ದೊಡ್ಡ ಕಡತ ಅದರಲ್ಲಿ ಹಿಡಿಸದು. ದೊಡ್ಡಾಟದ ವಿಡಿಯೊ ಈ ಮಿತಿಯನ್ನು ಮೀರಿತ್ತು. ಡಿಸ್ಕಿನಲ್ಲಿ ನೂರಾರು ಗಿಗಾಬೈಟ್ ಖಾಲಿ ಇದ್ದರೂ 'ಜಾಗ ಸಾಲದು' ಎಂಬ ಅರ್ಥದ ಸಂದೇಶ ಬಂದು ಜನ ಗಾಬರಿಯಾಗುವುದು ಇದರಿಂದಲೇ.

ಇವೆರಡರ ನಡುವಿನದು 2006ರಲ್ಲಿ ಬಂದ ಎಕ್ಸ್‌ಫ್ಯಾಟ್. ದೊಡ್ಡ ಕಡತಕ್ಕೆ ತಡೆಯಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರಣೆಯನ್ನು ಬಹಿರಂಗಪಡಿಸಿದ ಮೇಲೆ ಲಿನಕ್ಸ್ ಕರ್ನೆಲ್ಲಿನಲ್ಲೂ ಸೇರಿತು. ಆದರೆ ಅದಕ್ಕೆ ದಿನಚರಿಯಿಲ್ಲ, ಸಾಮಾನ್ಯವಾಗಿ ಉತಾರದ ಪ್ರತಿಯೂ ಒಂದೇ. ಬರೆಯುತ್ತಿರುವಾಗ ವಾಯರ್ ಕಿತ್ತರೆ ಕೆಡುಕು ಖಂಡಿತ ಎನ್ನದಿದ್ದರೂ ಭಯ ಹೆಚ್ಚು. ದೊಡ್ಡ ಡಿಸ್ಕಿಗೆ ವಿಂಡೋಸ್ ಅದರಲ್ಲಿ 128 ಕಿಲೋಬೈಟಿನ ತುಂಡುಗಳನ್ನು ಮಾಡುತ್ತದೆ. ಪ್ರತಿ ಕಡತದ ಕೊನೆಯ ತುಂಡಿನಲ್ಲಿ ಸರಾಸರಿ ಅರ್ಧ ಖಾಲಿ ಉಳಿಯುತ್ತದೆ ಎಂದುಕೊಂಡರೆ 20,000 ಫೋಟೋಗಳಿಗೆ ಹೋಗುವ ಜಾಗ ಸುಮಾರು 1.3 ಗಿಗಾಬೈಟ್. ಒಂದು ಟೆರಾಬೈಟಿನಲ್ಲಿ ಇದನ್ನು ಯಾರೂ ಲೆಕ್ಕಿಸಬೇಕಿಲ್ಲ. (ಒಂದು ಟೆರಾಬೈಟ್ ಡಿಸ್ಕನ್ನು ವಿಂಡೋಸ್ 931 ಎಂದು ತೋರಿಸಿದರೆ ಮೋಸವಾಯಿತೆಂದು ತಿಳಿಯಬೇಡಿ. ತಯಾರಕರು ಸಾವಿರದ ಲೆಕ್ಕ ಹಿಡಿದರೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ.)

2.2 ಟೆರಾಬೈಟಿಗಿಂತ ದೊಡ್ಡ ಡಿಸ್ಕು ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ಪಟ್ಟಿಯಲ್ಲಿ ಸೆಕ್ಟರಿನ ಸಂಖ್ಯೆಗೂ 32 ಬಿಟ್ಟೇ. 512 ಬೈಟಿನ ಸೆಕ್ಟರುಗಳಾದರೆ ಅದರ ಎಣಿಕೆ 2.2 ಟೆರಾಬೈಟಿಗೆ ಮುಗಿಯುತ್ತದೆ. ದೊಡ್ಡ ಡಿಸ್ಕಿಗೆ ಜಿಪಿಟಿ ಬೇಕು; ಹಳೆಯ ಪ್ಲೇಯರುಗಳು ಅದನ್ನು ಗುರುತಿಸದಿರಬಹುದು. ಕೊಳ್ಳುವ ಮುಂಚೆ ಟೀವಿಯ ಕೈಪಿಡಿ ತೆಗೆದು ನೋಡುವುದು ಲೇಸು. ಕಾರ್ಯಕ್ರಮ ಮುದ್ರಿಸಿಕೊಳ್ಳುವ ಸೌಲಭ್ಯವುಳ್ಳ ಟೀವಿಗಳಂತೂ ಡಿಸ್ಕನ್ನು ತಮ್ಮದೇ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳುತ್ತವೆ. ಆಮೇಲೆ ಗಣಕಯಂತ್ರ ಅದನ್ನು ಓದದೇ ಹೋಗಬಹುದು. ಅಂಥದಕ್ಕೆ ಬೇರೆ ಡಿಸ್ಕನ್ನೇ ಇಡಿ.

ಹೆಬ್ಬಳ್ಳಿಗೆ ಹೋಗಿ ನೋಡಿದಾಗ ಲ್ಯಾಪ್‌ಟಾಪ್ ಆ ಡಿಸ್ಕನ್ನು ತಕರಾರಿಲ್ಲದೆ ಓದಿತು. ಎಲ್ಲ ಪದಗಳೂ ಇದ್ದವು. ಎಂಎಸ್‌ಇನ್‌ಫೋ32 ತೋರಿಸಿದ ಸಂಖ್ಯೆ 32,256. ಡಿಸ್ಕು ಹೊಸ ಬಗೆಯದಾದರೂ ಎಂದೋ ಎಕ್ಸ್‌ಪಿ ಇದ್ದ ಹಳೆಯ ಗಣಕಯಂತ್ರದಲ್ಲಿ ಅದಕ್ಕೆ ಪಾರ್ಟಿಷನ್ ಮಾಡಿದ್ದರು. 'ಫೋಟೋ ಹಾಕೂವಾಗ ಎತ್ತಿನ ಬಂಡಿ ಆಗತಿತ್ರಿ' ಎಂದು ಅವರು ಹಿಂದೊಮ್ಮೆ ದೂರಿದ್ದರ ಕಾರಣ ಆಗ ಹೊಳೆಯಿತು. ಮೊದಲು ನಾನು ಒಯ್ದಿದ್ದ ಇನ್ನೊಂದು ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿದೆವು. ಕಡತಗಳ ಸಂಖ್ಯೆ ಮತ್ತು ಒಟ್ಟು ಬೈಟುಗಳು ಎರಡೂ ಕಡೆ ಒಂದೇ ಇವೆಯೆಂದು ತಾಳೆ ನೋಡಿ, ಅಲ್ಲೊಂದು ಇಲ್ಲೊಂದು ಪದ ತೆರೆದು ಕೇಳಿದೆವು. ಅನಂತರವೇ ಹಳೆಯ ಪಾರ್ಟಿಷನ್ ಅಳಿಸಿ, 2048ನೆಯ ಸೆಕ್ಟರಿನಿಂದ ಹೊಸದು ಮಾಡಿದ್ದು. ಅವರ ಟೀವಿಯ ಕೈಪಿಡಿಯಲ್ಲಿ ಎಕ್ಸ್‌ಫ್ಯಾಟ್ ಹೆಸರಿದ್ದುದರಿಂದ ಅದನ್ನೇ ಆಯ್ದು, ಎಲ್ಲವನ್ನೂ ಮರಳಿ ತುಂಬಿದೆವು. ನಕಲು ಪ್ರತಿ ಎನ್‌ಟಿಎಫ್‌ಎಸ್‌ನಲ್ಲಿಯೇ ಧಾರವಾಡದ ನನ್ನ ಕಪಾಟಿನಲ್ಲಿದೆ.

ಸಂಜೆ ಡಿಸ್ಕನ್ನು ಟೀವಿಗೆ ಹಚ್ಚಿದಾಗ ಕಡತಗಳೆಲ್ಲ ಕಂಡವು, ಹೆಸರು ಮಾತ್ರ ಕಾಣಲಿಲ್ಲ. ಕನ್ನಡದಲ್ಲಿ ಕೊಟ್ಟಿದ್ದ ಹೆಸರುಗಳ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು! ಆ ಟೀವಿಯಲ್ಲಿ ಕನ್ನಡ ಲಿಪಿಯೇ ಇರಲಿಲ್ಲ. ಕೊನೆಗೆ ಕಡತಗಳಿಗೆ ಅಂಕಿಗಳನ್ನೇ ಹೆಸರಾಗಿ ಕೊಟ್ಟೆವು. ಯಾವ ಅಂಕಿಗೆ ಯಾರು ಹಾಡಿದ ಯಾವ ಪದ, ಯಾವ ಊರು, ಯಾವ ವರ್ಷ ಎಂಬುದನ್ನು ಅವರ ಮಗಳು ಒಂದು ನೋಟುಬುಕ್ಕಿನಲ್ಲಿ ಬರೆಯತೊಡಗಿದಳು. ನಾನು ಹೊರಡುವಾಗ ನಲವತ್ತನೆಯದಕ್ಕೆ ಬಂದಿದ್ದಳು.