ಹಳೇ ಫೈಬರ್ ದೋಣಿ ಕೊಳ್ಳೋ ಮುಂಚೆ ತಟ್ಟಿ ನೋಡಿ, ತೂಕ ಹಾಕಿ

ಸೋಮನಹಳ್ಳಿ (ಮದ್ದೂರು): ಮೀನು ಸಾಕಣೆಗೆ ಕೆರೆ ಗುತ್ತಿಗೆ ಹಿಡಿದವರಾಗಲಿ, ಶಿಂಷಾ, ಕಾವೇರಿ ದಡದ ರೆಸಾರ್ಟ್‌ನವರಾಗಲಿ ಕರಾವಳಿಯಿಂದ ಹಳೇ ಫೈಬರ್ ದೋಣಿ ತರಿಸುವ ಯೋಚನೆಯಲ್ಲಿದ್ದರೆ ಮೊದಲು ವಿಚಾರಿಸಬೇಕಾದದ್ದು ರೇಟಲ್ಲ, ತೂಕ. ಫೈಬರ್ ಕೊಳೆಯಲ್ಲ ಅನ್ನುವ ಮಾತೇನೋ ನಿಜ. ಆದರೆ ದೋಣಿ ಪೂರ್ತಿ ಫೈಬರ್ ಆಗಿರೋದಿಲ್ಲವಲ್ಲ!

ಗಾಜಿನ ಎಳೆಯ ಹಾಳೆಗೆ ರೆಸಿನ್ ಬಳಿದು ಮಾಡಿದ ಹೊರಮೈ ಒಂದು ಚಿಪ್ಪು ಅಷ್ಟೆ. ಅದಕ್ಕೆ ಗಟ್ಟಿತನ ಬರಲಿ ಅಂತ ಅನೇಕ ಹಳೇ ದೋಣಿಗಳಲ್ಲಿ ತಳದ ಉದ್ದಕ್ಕೂ ಮರದ ಪಟ್ಟಿ, ಕಾಲಿಡುವ ಜಾಗದಲ್ಲಿ ಪ್ಲೈವುಡ್, ಎಂಜಿನ್ ಕೂರಿಸುವ ಹಿಂಬದಿಯಲ್ಲಿ ದಪ್ಪ ಪ್ಲೈವುಡ್ ಇಟ್ಟು ಮೇಲೆ ಫೈಬರ್ ಹೊದಿಸಿರುತ್ತಾರೆ. ನೀರು ನುಗ್ಗಿದರೂ ದೋಣಿ ಪೂರ್ತಿ ಮುಳುಗಬಾರದು ಅಂತ ನೆಲದ ಕೆಳಗೆ ಫೋಮ್ ತುಂಬಿರುತ್ತಾರೆ.

ಸೀಟು, ಹಿಡಿಕೆ, ಎಂಜಿನ್ ಬಿಗಿಯಲು ಕೊರೆದ ತೂತುಗಳನ್ನು ಸರಿಯಾಗಿ ಮುಚ್ಚದಿದ್ದರೆ ಅಲ್ಲಿಂದಲೇ ನೀರು ಇಳಿಯುತ್ತದೆ. ಒಳಗೆ ಸೇರಿದ ನೀರಿಗೆ ಹೊರಬರುವ ದಾರಿಯಿಲ್ಲ. ತೇವದಲ್ಲಿ ಬೂಸ್ಟು ಬೆಳೆದು ಮರ ಪುಡಿಯಾಗುತ್ತದೆ. ಮೇಲೆ ಹೊಸ ಪೇಂಟ್ ಹೊಡೆದಿದ್ದರೆ ಇದ್ಯಾವುದೂ ಕಣ್ಣಿಗೆ ಬೀಳಲ್ಲ. ಬಿದಿರಿನ ಹರಿಗೋಲೇ ಎಷ್ಟೋ ಮೇಲು, ಕಡ್ಡಿ ಮುರಿದರೆ ಎದುರಿಗೇ ಕಾಣುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಉಪ್ಪು ನೀರಿಗಿಂತ ಮಳೆ ನೀರು, ಸಿಹಿನೀರಿನಲ್ಲೇ ಮರ ಬೇಗ ಕೊಳೆಯುತ್ತದೆ. ಉಪ್ಪು ಬೂಸ್ಟನ್ನು ಸ್ವಲ್ಪ ತಡೆಯುತ್ತದೆ. ಹಾಗಾಗಿ ಸಮುದ್ರದಲ್ಲಿ ಚೆನ್ನಾಗಿದ್ದ ದೋಣಿ ಕೆರೆಗೆ ಬಂದ ಮೇಲೂ ಹಾಗೇ ಇರುತ್ತದೆ ಅಂತ ನಂಬುವಂತಿಲ್ಲ.

ಫೋಮ್ ಲೆಕ್ಕ ಇನ್ನೂ ಗಾಬರಿ ಹುಟ್ಟಿಸುವಂಥದ್ದು. ಒಂದು ಘನ ಅಡಿ ಒಣ ಫೋಮ್ ಸುಮಾರು 1 ಕೆ.ಜಿ. ತೂಗುತ್ತದೆ. ಅಷ್ಟೇ ಜಾಗದಲ್ಲಿ ನೀರು ತುಂಬಿದರೆ 28 ಕೆ.ಜಿ. ಐದು ಘನ ಅಡಿ ಫೋಮ್ ಪೂರ್ತಿ ನೀರು ಕುಡಿದರೆ 140 ಕೆ.ಜಿ., ಅಂದರೆ ಇಬ್ಬರು ದೊಡ್ಡವರ ತೂಕ! ಆರು ಜನರ ದೋಣಿಗೆ ಆರು ಜನ ಹತ್ತಿದರೂ ಅದು ಎಂಟು ಜನರನ್ನು ಹೊತ್ತಂತೆ. ಮಗುಚಿದಾಗ ತೇಲಿಸಬೇಕಾದ ಫೋಮ್ ಆಗ ಕೈಕೊಡುತ್ತದೆ.

ಪತ್ತೆ ಹಚ್ಚೋದು ಹೇಗೆ? ಕಬ್ಬಿನ ಸೀಮೆಯಲ್ಲಿ ವೇಬ್ರಿಡ್ಜ್‌ಗೆ ಬರವಿಲ್ಲ. ದೋಣಿ ಹೊತ್ತ ಗಾಡಿಯನ್ನು ಒಮ್ಮೆ, ದೋಣಿ ಇಳಿಸಿ ಇನ್ನೊಮ್ಮೆ ತೂಕ ಹಾಕಿಸಿ. ತಯಾರಕರು ಹೇಳಿದ್ದಕ್ಕಿಂತ ಐದು ಹತ್ತು ಕೆ.ಜಿ. ಆಚೀಚೆ ಬಂದರೆ ಚಿಂತೆಯಿಲ್ಲ. ನೂರು ಕೆ.ಜಿ. ಜಾಸ್ತಿ ಬಂದರೆ ವ್ಯಾಪಾರ ಅಲ್ಲಿಗೇ ಬಿಡಿ.

ಆಮೇಲೆ ಸುತ್ತಿಗೆಯ ಹಿಡಿಯಿಂದ ಇಂಚಿಂಚೂ ತಟ್ಟುತ್ತಾ ಹೋಗಿ. ಎಳನೀರು ತಟ್ಟಿ ಕಾಯಿ ಗುರುತಿಸುವ ಮದ್ದೂರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಳಗೆ ಗಟ್ಟಿಯಿದ್ದರೆ ಟಣ್ ಅನ್ನುತ್ತದೆ, ಕೊಳೆತಿದ್ದರೆ ದಬ್ ಅನ್ನುತ್ತದೆ. ಬರಿಗಾಲಲ್ಲಿ ನೆಲ ತುಳಿದಾಗ ಮೆತ್ತಗೆ ಒಳಗೆ ಹೋದರೂ ಅನುಮಾನವೇ. ಎಂಜಿನ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಹಿಂಬದಿಯೂ ಜೊತೆಗೆ ಬಾಗಬಾರದು. ತಳದ ಹತ್ತಿರದ ಒಂದು ಸ್ಕ್ರೂ ಬಿಚ್ಚಿ ನೋಡಿ, ಕಂದು ನೀರು ಅಥವಾ ಕಪ್ಪು ಪುಡಿ ಬಂದರೆ ಬೇರೆ ಸಾಕ್ಷಿ ಬೇಡ. ಮಾರುವವರು ಸ್ಕ್ರೂ ಬಿಚ್ಚೋಕೆ ಬಿಡಲ್ಲ ಅಂದರೆ ಅದೂ ಒಂದು ಉತ್ತರವೇ.

ನೀರು ಕುಡಿದ ಫೋಮ್ ಬಿಸಿಲಿಗಿಟ್ಟರೆ ಒಣಗುತ್ತದೆ ಅನ್ನೋದು ಭ್ರಮೆ. ನೆಲ ಕೊಯ್ದು, ಫೋಮ್ ಕೆರೆದು ತೆಗೆದು, ಕೊಳೆತ ಮರ ಬದಲಿಸಲೇಬೇಕು. ಪ್ಲೈವುಡ್ ತರುವಾಗ ಅಂಗಡಿಯವರು ವಾಟರ್‌ಪ್ರೂಫ್ ಅಂದದ್ದು ಸಾಲದು, ಹಾಳೆಯ ಮೇಲೆ ಐಎಸ್ 710 ಗುರುತಿರಬೇಕು, ಅದು ಮರೈನ್ ಪ್ಲೈವುಡ್. ಕೊಯ್ಯುವಾಗ ಏಳುವ ಗಾಜಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಕೂರಬೇಡಿ. ಇಷ್ಟೆಲ್ಲ ಕೂಲಿ, ರೆಸಿನ್ ಖರ್ಚು ಸೇರಿಸಿದರೆ ಅಗ್ಗದ ದೋಣಿ ಅಗ್ಗವಾಗಿ ಉಳಿಯೋದು ಅಪರೂಪ.

ಒಂದೇ ಪದರದ ಫೈಬರ್ ಹರಿಗೋಲಿನಲ್ಲಿ ಮರವಾಗಲಿ ಫೋಮಾಗಲಿ ಇಲ್ಲದಿದ್ದರೆ ಈ ಕಾಯಿಲೆಯೇ ಇಲ್ಲ. ಬಿರುಕು, ತೂತು ನೋಡಿಕೊಂಡರೆ ಸಾಕು. ಸಣ್ಣ ಕೆರೆಯಲ್ಲಿ ಬಲೆ ಬಿಡಲು ಅದೇ ವಾಸಿ. ಎಂಜಿನ್ ದೋಣಿಯಾದರೆ 2021ರ ಒಳನಾಡು ಹಡಗು ಕಾಯ್ದೆಯಡಿ ನೋಂದಣಿ, ತಪಾಸಣೆ ಇರುವುದೂ ನೆನಪಿರಲಿ.

ಚೆನ್ನಾಗಿರುವ ದೋಣಿ ಸಿಕ್ಕಿದ್ದರೆ, ಬಳಸದ ದಿನಗಳಲ್ಲಿ ದಡಕ್ಕೆಳೆದು ತಳದ ಬಿರಡೆ ತೆಗೆದು, ಮೂತಿ ಸ್ವಲ್ಪ ಎತ್ತರಿಸಿ, ಗಾಳಿಯಾಡುವಂತೆ ಟಾರ್ಪಾಲು ಹೊದಿಸಿಡಿ.