ವೈದ್ಯನ ಸಾಕ್ಷ್ಯ

ರಂಜಾನ್ ಮಾಸದಲ್ಲಿ ಮಧುಮೇಹಪೀಡಿತನಾದ ವೃದ್ಧನೊಬ್ಬನು ವೈದ್ಯನ ಬಳಿಗೆ ಬಂದು, ತಾನು ಉಪವಾಸವಿರಬಹುದೇ ಎಂದು ಕೇಳಿದಾಗ, ಆ ಪ್ರಶ್ನೆಯು ದೇಹಕ್ಕೆ ಸಂಬಂಧಿಸಿದುದೋ ಧರ್ಮಕ್ಕೆ ಸಂಬಂಧಿಸಿದುದೋ ಎಂದು ಬೇರ್ಪಡಿಸಿ ಹೇಳುವುದು ಸುಲಭವಲ್ಲ. ರೋಗಿಗೆ ವಿನಾಯಿತಿಯನ್ನು ಕುರಾನೇ ಕೊಟ್ಟಿದೆ. ಬಿಟ್ಟ ದಿನಗಳನ್ನು ಗುಣವಾದ ಮೇಲೆ ಪೂರೈಸಬಹುದು, ಗುಣವಾಗುವ ಆಶೆಯಿಲ್ಲದವನು ದಿನಕ್ಕೊಬ್ಬ ಬಡವನಿಗೆ ಅನ್ನವಿಕ್ಕಬಹುದು. ಆದರೆ ಈತನ ರೋಗವು ಆ ವಿನಾಯಿತಿಗೆ ತಕ್ಕಷ್ಟು ತೀವ್ರವಾದುದೇ ಎಂಬುದನ್ನು ಮಸೀದಿಯ ಮೌಲ್ವಿಯು ನಿರ್ಣಯಿಸಲಾರನಾದ ಕಾರಣ, ಪೂರ್ವದ ಧರ್ಮಶಾಸ್ತ್ರಜ್ಞರು ಕುಶಲನೂ ಧರ್ಮಭೀರುವೂ ಆದ ಮುಸ್ಲಿಮ್ ವೈದ್ಯನ ಮಾತನ್ನೇ ಪ್ರಮಾಣವೆಂದೆಣಿಸಿದರು. ಮುಸ್ಲಿಮ್ ವೈದ್ಯನ ನೀತಿಜೀವನದ ತಿರುಳು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ: ಅವನು ಶಾಸ್ತ್ರವಿಧಿಯನ್ನು ಕೇಳಿ ನಡೆಯುವವನಷ್ಟೇ ಅಲ್ಲ, ಆ ವಿಧಿಯು ಅನ್ವಯಿಸುವುದೋ ಇಲ್ಲವೋ ಎಂಬುದಕ್ಕೆ ಸಾಕ್ಷಿಯೂ ಹೌದು. ಅವನು ಅಜಾಗ್ರತೆಯಿಂದ ನುಡಿದರೆ ರೋಗಿಯ ದೇಹದೊಡನೆ ಉಪಾಸನೆಯೂ ಕೆಡುವುದು. ಅದರ ಲೆಕ್ಕವನ್ನು ದೇವರ ಮುಂದೆ ಒಪ್ಪಿಸಬೇಕಾದವನು ಅವನೇ.

ಈ ಭಾವನೆ ಬಹು ಪುರಾತನವಾದುದು. 9ನೆಯ ಶತಮಾನದಲ್ಲಿ ಇಸ್‌ಹಾಕ್ ಬಿನ್ ಅಲೀ ಅರ್‌ರುಹಾವಿಯು ಗ್ರೀಕ್ ವೈದ್ಯರಾದ ಹಿಪೊಕ್ರಟಿಸ್ ಮತ್ತು ಗೇಲೆನರನ್ನು ಗೌರವದಿಂದ ಸ್ಮರಿಸುತ್ತ, ವೈದ್ಯನ ನಡತೆಯನ್ನು ಕುರಿತು ಅರಬ್ಬಿಯಲ್ಲಿ ಬರೆದ 'ಅದಬುತ್ ತಬೀಬ್' ಗ್ರಂಥದ ಮೊದಲನೆಯ ಅಧ್ಯಾಯವೇ ವೈದ್ಯನ ಶ್ರದ್ಧೆಯನ್ನು ಕುರಿತದ್ದು. 1981ರಲ್ಲಿ ಕುವೈತಿನಲ್ಲಿ ಸೇರಿದ ಸಮ್ಮೇಳನವು ರೂಪಿಸಿದ ವೈದ್ಯಪ್ರತಿಜ್ಞೆಯೂ, ಹತ್ತಿರದವನು ದೂರದವನು, ಮಿತ್ರನು ಶತ್ರುವು ಎಂಬ ಭೇದವನ್ನೆಣಿಸದೆ ಚಿಕಿತ್ಸೆ ನೀಡುವ ಭಾರವನ್ನು ದೇವರ ಹೆಸರಿನಲ್ಲಿಯೇ ಹೊರಿಸುತ್ತದೆ.

ಆ ಭಾರವು ಅತ್ಯಂತ ಕಠಿನವಾಗುವುದು ತೀವ್ರನಿಗಾ ಘಟಕದಲ್ಲಿ. ಮೆದುಳು ಸಂಪೂರ್ಣವಾಗಿ ನಿಂತುಹೋಗಿ, ವೆಂಟಿಲೇಟರಿನ ಬಲದಿಂದ ಎದೆ ಮಾತ್ರ ಏರಿಳಿಯುತ್ತಿರುವ ತರುಣನು ಬದುಕಿರುವನೇ? ಇಸ್ಲಾಮೀ ರಾಷ್ಟ್ರಗಳ ಸಂಘಟನೆಗೆ ಸೇರಿದ ಫಿಕ್‌ಹ್ (ಇಸ್ಲಾಮೀ ಧರ್ಮಶಾಸ್ತ್ರ) ಅಕಾಡೆಮಿಯು 1986ರಲ್ಲಿ ಅಮ್ಮಾನಿನಲ್ಲಿ ಸೇರಿ, ತಜ್ಞ ವೈದ್ಯರು ಮೆದುಳಿನ ಕ್ರಿಯೆ ಮರಳಿ ಬಾರದಂತೆ ನಿಂತಿತೆಂದು ನಿರ್ಣಯಿಸಿದರೆ ಅದನ್ನು ಮರಣವೆಂದೇ ತಿಳಿಯಬಹುದೆಂದಿತು. ಮರುವರ್ಷ ಮಕ್ಕಾದಲ್ಲಿ ಸೇರಿದ ಮುಸ್ಲಿಮ್ ವರ್ಲ್ಡ್ ಲೀಗಿನ ಫಿಕ್‌ಹ್ ಮಂಡಲಿಯಾದರೋ, ಯಂತ್ರವನ್ನು ತೆಗೆಯಬಹುದು, ಆದರೆ ಉಸಿರೂ ಹೃದಯವೂ ನಿಂತ ಮೇಲೆಯೇ ಮರಣವನ್ನು ಸಾರಬೇಕೆಂದಿತು. ಈ ಭೇದವು ಬರಿಯ ಪಂಡಿತವಾದವಲ್ಲ. ಎರಡನೆಯ ಮತವನ್ನು ನಂಬಿದವನು ಆ ತರುಣನ ಮಿಡಿಯುವ ಹೃದಯವನ್ನು ಮತ್ತೊಬ್ಬನಿಗಾಗಿ ತೆಗೆಯಲಾರನು. ಎರಡು ಮತಗಳ ನಡುವೆ ನಿಂತ ವೈದ್ಯನು ಯಾವುದನ್ನು ಹಿಡಿದರೂ, ಕೊನೆಗೆ ಪರೀಕ್ಷೆ ಮಾಡಿ ಹೇಳಬೇಕಾದವನು ತಾನೇ. ಸೌದಿ ಅರೇಬಿಯದಲ್ಲಿ 1988ರ ಫತ್ವಾ ಒಂದು, ನಿಂತ ಹೃದಯವನ್ನು ಮತ್ತೆ ಚಾಲನೆಗೊಳಿಸುವ ಯತ್ನವು ವ್ಯರ್ಥವಾದಾಗ ಅದನ್ನು ಕೈಬಿಡಬಹುದೆಂದು ಹೇಳಿ, ಆ ತೀರ್ಮಾನವನ್ನು ಒಪ್ಪಿಸಿದ್ದು ಮೂವರು ಸಮರ್ಥ ವೈದ್ಯರಿಗೆ. ಪ್ರಾಣವನ್ನು ಉದ್ದೇಶಪೂರ್ವಕವಾಗಿ ಕಳೆಯುವ ದಯಾಮರಣಕ್ಕೆ ಮಾತ್ರ ಇಂಥ ಮಂಡಲಿಗಳಿಂದ ಸಮ್ಮತಿ ದೊರೆತಿಲ್ಲ.

ಹಂದಿಯಿಂದ ತೆಗೆದ ಹೆಪಾರಿನ್ ಮೊದಲಾದ ಔಷಧಗಳ ಪ್ರಶ್ನೆ ಇಷ್ಟು ತೊಡಕಿನದಲ್ಲ. ಬೇರೆ ಮದ್ದಿಲ್ಲವೆಂದು ವೈದ್ಯನು ಹೇಳಿದರೆ ನಿಷಿದ್ಧವೂ ಅನಿವಾರ್ಯದಲ್ಲಿ ಸಮ್ಮತವಾಗುವುದು.

ಗರ್ಭಪಾತದ ವಿಷಯ ಹಾಗಲ್ಲ. 120 ದಿನಗಳಿಗೆ ಭ್ರೂಣದಲ್ಲಿ ಆತ್ಮಪ್ರವೇಶವಾಗುವುದೆಂಬ ನಂಬಿಕೆಯಿರುವುದರಿಂದ, ಮಕ್ಕಾ ಮಂಡಲಿಯು 1990ರಲ್ಲಿ, ಶಿಶುವಿಗೆ ತೀವ್ರವಾದ ಅಂಗವೈಕಲ್ಯವಿದೆಯೆಂದು ನಂಬಿಗಸ್ತ ವೈದ್ಯರು ದೃಢಪಡಿಸಿದರೆ ಆ ಅವಧಿಯೊಳಗೆ ಅನುಮತಿಯನ್ನಿತ್ತು, ಅನಂತರ ತಾಯಿಯ ಪ್ರಾಣರಕ್ಷಣೆಯೊಂದನ್ನೇ ಕಾರಣವಾಗಿ ಉಳಿಸಿತು. ಭಾರತದ ಕಾಯಿದೆಯಾದರೋ 2021ರ ತಿದ್ದುಪಡಿಯಿಂದ ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೂ ಅವಕಾಶ ಕೊಟ್ಟಿದೆ. ಕಲಬುರಗಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ದುಡಿಯುವ ಮುಸ್ಲಿಮ್ ವೈದ್ಯೆಯ ಬಳಿಗೆ ಅನ್ಯಮತದ ಹೆಣ್ಣುಮಗಳೊಬ್ಬಳು ಆ ಅವಕಾಶವನ್ನು ಕೋರಿ ಬಂದಾಗ, ತನ್ನ ಕೈಯಿಂದ ಅದು ಆಗದೆನ್ನುವ ಸ್ವಾತಂತ್ರ್ಯ ಆ ವೈದ್ಯೆಗೆ ಇರಬೇಕು. ಆದರೆ ರೋಗಿಯ ಸ್ಥಿತಿಯನ್ನು ಇದ್ದುದಿದ್ದಂತೆ ಹೇಳುವ ಸಾಕ್ಷಿಧರ್ಮವು ಅಲ್ಲಿಯೂ ಬಿಟ್ಟುಹೋಗದಾದುದರಿಂದ, ಕಾಯಿದೆ ಕೊಟ್ಟ ಹಕ್ಕನ್ನು ಮರೆಮಾಚದೆ ತಿಳಿಸಿ, ಗಡುವು ಮೀರುವ ಮುನ್ನವೇ ಅವಳನ್ನು ಬೇರೊಬ್ಬ ವೈದ್ಯರ ಬಳಿಗೆ ಕಳುಹಿಸಿಕೊಡಬೇಕೆಂದೇ ನಾನು ನಂಬುತ್ತೇನೆ.