ಆಸ್ಪತ್ರೆಯ ದಾಖಲೆಗಳಲ್ಲಿ ಡೆಂಗಿ ಜ್ವರ: ಬ್ಯಾಡಗಿಯ ಸೀಮೆಯನ್ನು ಕುರಿತು

ಡೆಂಗಿ ಎಂಬ ಶಬ್ದವು ಕನ್ನಡದ್ದೂ ಅಲ್ಲ, ಸಂಸ್ಕೃತದ್ದೂ ಅಲ್ಲ. ಸ್ಪೇನ್ ದೇಶದ ಭಾಷೆಯಿಂದ ಆಂಗ್ಲ ವೈದ್ಯರಿಗೂ ಅವರಿಂದ ನಮ್ಮ ನಾಡಿಗೂ ಬಂದುದು. ಮೂಲವು ಆಫ್ರಿಕದ ಸ್ವಾಹಿಲಿ ನುಡಿಯೆಂದು ಹಲವರ ಮತ. ಈಚಿನ ಆಯುರ್ವೇದ ಲೇಖಕರು ಇದನ್ನು ದಂಡಕಜ್ವರವೆಂದು ಕರೆದಿರುವರು. ಕೋಲಿನಿಂದ ಬಡಿದಂತೆ ಮೈಕೈ ನೋಯುವ ಈ ಜ್ವರಕ್ಕೆ ಆ ಹೆಸರು ಚೆನ್ನಾಗಿ ಹೊಂದುವುದಾದರೂ ಅದು ಪ್ರಾಚೀನ ಸಂಜ್ಞೆಯಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಸಾಮುದ್ರ, ಪರಿಮಂಡಲ, ಹಸ್ತಿಮಶಕ, ಕೃಷ್ಣ, ಪಾರ್ವತೀಯ ಎಂದು ಐದು ಬಗೆಯ ಸೊಳ್ಳೆಗಳು ಉಕ್ತವಾಗಿವೆ. ಇಷ್ಟನ್ನೇ ಹಿಡಿದು ಪೂರ್ವಿಕರು ಡೆಂಗಿಯ ಕಾರಣವನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಬರಿಯ ಸಾಹಸ. ಅಲ್ಲಿ ಮುಖ್ಯವಾಗಿ ಹೇಳಿರುವುದು ಕಚ್ಚಿದೆಡೆಯ ತುರಿಕೆಯನ್ನೂ ಬಾವನ್ನೂ ಕುರಿತು.

ಈಡಿಸ್ ಈಜಿಪ್ಟೈ ಎಂಬ ಸೊಳ್ಳೆಯೇ ಈ ರೋಗದ ವಾಹಕವೆಂದು ಬ್ಯಾಂಕ್ರಾಫ್ಟ್ ಎಂಬ ವೈದ್ಯನು ೧೯೦೬ರಲ್ಲಿ ಪ್ರತಿಪಾದಿಸಿದನು. ಭಾರತದಲ್ಲಿ ಇದರ ವೈರಾಣುವು ಮೊದಲು ಕೈಗೆ ಸಿಕ್ಕಿದುದು ಕಲಕತ್ತೆಯಲ್ಲಿ. ವೈರಾಣುವಿನಲ್ಲಿ ನಾಲ್ಕು ಪ್ರಭೇದಗಳುಂಟು. ಈ ಸಂಖ್ಯೆಯ ಪ್ರಯೋಜನವು ಮುಂದೆ ತಿಳಿಯುವುದು.

ಬ್ಯಾಡಗಿಯು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಊರು. ಮೆಣಸಿನಕಾಯಿಯ ಪೇಟೆಯಿಂದ ಪ್ರಸಿದ್ಧವಾದುದು. ಪೇಟೆಯ ಭರವು ಬೇಸಗೆಯಲ್ಲಿ, ಜ್ವರದ ಭರವು ಮಳೆಗಾಲದಲ್ಲಿ. ಆದುದರಿಂದ ಪೇಟೆಯ ಜನಸಂದಣಿಯೇ ಜ್ವರಕ್ಕೆ ಕಾರಣವೆನ್ನುವುದು ಯುಕ್ತವಲ್ಲ. ಕಾರಣವನ್ನು ಅಂಗಳದಲ್ಲಿಯೇ ಹುಡುಕಬೇಕು. ಈ ಸೊಳ್ಳೆಯು ಕೊಳೆಗುಂಡಿಯನ್ನು ಬಯಸದೆ, ತಿಳಿನೀರು ನಿಂತ ಹಂಡೆ, ಹರವಿ, ದನಗಳ ನೀರಿನ ದೋಣಿ, ಎಸೆದ ಟಯರು ಇವುಗಳ ಅಂಚಿನಲ್ಲಿ ಮೊಟ್ಟೆಯಿಡುವುದು. ನಲ್ಲಿಯ ನೀರು ದಿನ ಬಿಟ್ಟು ಬರುವ ಊರುಗಳಲ್ಲಿ ನೀರು ಕೂಡಿಡುವುದು ಗೃಹಿಣಿಯ ದೋಷವಲ್ಲ, ಆಕೆಯ ಜಾಣತನ. ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಕೆಡದೆ ಉಳಿದು, ನೀರು ತಗುಲಿದೊಡನೆ ಒಡೆಯುವುವು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಮೃಗಶಿರಾ ಮಳೆಗೆ ಒಡೆದ ಮೊಟ್ಟೆಯು ರೆಕ್ಕೆಯ ಸೊಳ್ಳೆಯಾಗಲು ೭ರಿಂದ ೧೦ ದಿನ. ರೋಗಿಯ ರಕ್ತವನ್ನು ಹೀರಿದ ಸೊಳ್ಳೆಯಲ್ಲಿ ವೈರಾಣುವು ಬಲಿಯಲು ೮ರಿಂದ ೧೨ ದಿನ. ಕಚ್ಚಿಸಿಕೊಂಡವನಿಗೆ ಜ್ವರ ಕಾಣಲು ೪ರಿಂದ ೧೦ ದಿನ. ಒಟ್ಟು ೧೯ರಿಂದ ೩೨ ದಿನಗಳಾದುವು. ರೋಗಿಯು ಆಸ್ಪತ್ರೆಗೆ ಬರುವುದು ಜ್ವರವು ಎರಡು ಮೂರು ದಿನ ಕಾಯ್ದ ಮೇಲೆ. ಎಂದರೆ ಆಸ್ಪತ್ರೆಯ ಪುಸ್ತಕದಲ್ಲಿ ಇಂದು ಬರೆದ ಹೆಸರು ಸುಮಾರು ಒಂದು ತಿಂಗಳ ಹಿಂದಿನ ನೀರಿನ ಕಥೆಯನ್ನು ಹೇಳುವುದು. ಪುಸ್ತಕವು ತುಂಬಿದ ಮೇಲೆ ಹೊಗೆ ಹಾಕಿಸಲು ಹೊರಡುವವರು ಆರಿದ್ರೆಯ ಬಿತ್ತನೆಯನ್ನು ಹಸ್ತದಲ್ಲಿ ಮಾಡಿದವರಂತೆ.

ಆ ಪುಸ್ತಕವಾದರೂ ಊರಿನ ಪೂರ್ಣಚಿತ್ರವಲ್ಲ. ಸೋಂಕು ತಗುಲಿದವರಲ್ಲಿ ಬಹುಪಾಲು ಜನರಿಗೆ ಯಾವ ಲಕ್ಷಣವೂ ತೋರುವುದಿಲ್ಲ. ಅವರು ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತರು. ೨೦೧೭-೧೮ರಲ್ಲಿ ದೇಶದ ೧೫ ರಾಜ್ಯಗಳಲ್ಲಿ ನಡೆದ ರಕ್ತಪರೀಕ್ಷೆಯಲ್ಲಿ, ಹಿಂದೆಂದೋ ಡೆಂಗಿ ತಗುಲಿದ ಗುರುತು ಪಟ್ಟಣಿಗರಲ್ಲಿ ನೂರಕ್ಕೆ ೭೦.೯, ಹಳ್ಳಿಗರಲ್ಲಿ ೪೨.೩ ಮಂದಿಗೆ ಕಂಡುಬಂದಿತು. ಹಳ್ಳಿಯು ಈ ರೋಗಕ್ಕೆ ಹೊರತೆಂಬ ಹಳೆಯ ನಂಬುಗೆಯು ಇದರಿಂದ ಬಿದ್ದುಹೋಯಿತು. ಅನೇಕ ಆಸ್ಪತ್ರೆಗಳ ವರದಿಗಳಲ್ಲಿ ಗಂಡಸರೇ ಹೆಚ್ಚಾಗಿ ಕಾಣುವರು. ಹಗಲು ಕಚ್ಚುವ, ಮನೆಯೊಳಗೆ ವಾಸಿಸುವ ಸೊಳ್ಳೆಗೆ ಮನೆಯಲ್ಲಿರುವ ಹೆಂಗಸರು ದೂರವೇ? ಗಾಡಿ ಕಟ್ಟಿ ಯಾರನ್ನು ಮೊದಲು ಆಸ್ಪತ್ರೆಗೆ ಒಯ್ಯುವರೆಂಬುದನ್ನೂ ಆ ಅಂಕಿಯು ಸೂಚಿಸುವಂತಿದೆ. ಇನ್ನು ಬೇನೆ ಬಿಗಿಯಾದವರನ್ನು ಹುಬ್ಬಳ್ಳಿಗೋ ದಾವಣಗೆರೆಗೋ ಸಾಗಿಸುವುದರಿಂದ ಈ ಸೀಮೆಯ ವಿಷಮ ಪ್ರಕರಣಗಳನ್ನು ಅಲ್ಲಿಯ ಪುಸ್ತಕಗಳಲ್ಲಿಯೂ ಹುಡುಕಬೇಕಾಗುವುದು.

ಪರೀಕ್ಷೆಗೂ ಕಾಲನಿಯಮವುಂಟು. ಎನ್‌ಎಸ್೧ ಎಂಬ ಪರೀಕ್ಷೆಯು ಮೊದಲ ಐದು ದಿನಗಳಲ್ಲಿ ಫಲಕಾರಿ. ಐಜಿಎಂ ಎಂಬುದು ಅನಂತರದಲ್ಲಿ. ದಿನ ತಪ್ಪಿದರೆ ಇದ್ದ ರೋಗವೂ ಇಲ್ಲವೆಂದು ದಾಖಲಾಗುವುದು. ಮೇಲಾಗಿ ೧೯೫೭ರಲ್ಲಿ ನೆರೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆಯ ವೈರಾಣುವು ಡೆಂಗಿಯ ದಾಯಾದಿ. ರಕ್ತಸ್ರಾವವು ಎರಡರಲ್ಲಿಯೂ ತೋರಬಹುದು. ಅದು ಉಣ್ಣೆಯಿಂದ ಬರುವುದು, ಹೆಚ್ಚಾಗಿ ಚಳಿಗಾಲ ಬೇಸಗೆಗಳಲ್ಲಿ. ಆದಕಾರಣ ರೋಗಿಯು ಕಾಡಿಗೆ ಹೋಗಿದ್ದನೇ ಎಂದು ಕೇಳಿ ಬರೆಯುವುದು ಈ ಸೀಮೆಯಲ್ಲಿ ವ್ಯರ್ಥವಾದ ಪ್ರಶ್ನೆಯಲ್ಲ.

ನಾಲ್ಕು ಪ್ರಭೇದಗಳ ವಿಚಾರಕ್ಕೆ ಬಂದರೆ, ಒಂದರ ಸೋಂಕು ಆದವನಿಗೆ ಅದೇ ಪ್ರಭೇದವು ಮತ್ತೆ ಬಾಧಿಸದು. ಬೇರೊಂದು ತಗುಲಿದಾಗ ಮಾತ್ರ ಹಿಂದಿನ ಪ್ರತಿಕಾಯಗಳೇ ವೈರಾಣುವಿಗೆ ನೆರವಾಗಿ ರೋಗವು ಉಲ್ಬಣಿಸಬಹುದು. ಹೀಗೆ ಉಲ್ಬಣಿಸುವ ಹೊತ್ತು ಜ್ವರವೇರಿದಾಗಲ್ಲ, ಇಳಿದಾಗ: ಮೂರರಿಂದ ಏಳನೆಯ ದಿನದೊಳಗೆ ಮೈ ತಣ್ಣಗಾದ ಮೇಲಿನ ೨೪ರಿಂದ ೪೮ ತಾಸುಗಳಲ್ಲಿ. ಆಗ ರಕ್ತನಾಳಗಳಿಂದ ನೀರು ಸೋರಿ ನಾಡಿಯು ಕುಗ್ಗುವುದು. "ಜ್ವರ ಬಿಟ್ಟಿತು" ಎಂದು ಮನೆಯವರು ರೋಗಿಯನ್ನು ಹಳ್ಳಿಗೆ ಕರೆದೊಯ್ಯುವುದೂ ಆಗಲೇ. ಬಿಡದ ಹೊಟ್ಟೆನೋವು, ವಾಂತಿ, ವಸಡಿನ ರಕ್ತ ಇವು ಕಂಡರೆ ಮೈ ತಣ್ಣಗಿದ್ದರೂ ಒಡನೆಯೇ ಮರಳಿ ಬರತಕ್ಕದ್ದು.

ಕರ್ನಾಟಕ ಸರಕಾರವು ೨೦೨೪ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಗೊಟ್ಟ ಹಳ್ಳಿಯ ಮನೆಗೆ ೨೦೦, ಪಟ್ಟಣದ ಮನೆಗೆ ೪೦೦ ರೂಪಾಯಿ ದಂಡವನ್ನು ಗೊತ್ತುಮಾಡಿತು. ದಂಡಕಜ್ವರಕ್ಕೆ ದಂಡವೂ ಸೇರಿತು. ಹರವಿಯನ್ನು ವಾರಕ್ಕೊಮ್ಮೆ ಬರಿದುಮಾಡಿ ಒಳಗೋಡೆಯನ್ನು ತಿಕ್ಕಿದರೆ ಮೊಟ್ಟೆಯು ಸೊಳ್ಳೆಯಾಗುವ ಅವಧಿಯು ನಡುವೆಯೇ ಮುರಿಯುವುದು. ಆದರೆ ಬರಿದಾದ ಹರವಿಗೆ ಅದೇ ದಿನ ನೀರು ಬರಬೇಕು.